ಕಾಶವ್ವ ತಂದ ಐದು ದಾಳಿಂಬೆ

ನೆಲಗಲ್ಲದ ಮಠ ಎಂದ ಕೂಡಲೇ ದೊಡ್ಡ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಮಣ್ಣಿನ ಮಾಳಿಗೆಯ ಎರಡು ಕೋಣೆ, ಮುಂದೊಂದು ಪಡಸಾಲೆ, ಹಿಂದೆ ಅಡುಗೆಯ ಚಪ್ಪರ, ಅಷ್ಟೇ. ಗೋಡೆಗಳು ಸುಣ್ಣ ಕಂಡು ಎಷ್ಟೋ ವರ್ಷವಾಗಿತ್ತು. ಪೂಜ್ಯ ಶ್ರೀ ಹಾಲಯ್ಯಜ್ಜನವರು ಆ ಪಡಸಾಲೆಯ ಕಂಬಳಿಯ ಮೇಲೆಯೇ ನಲವತ್ತು ವರ್ಷ ಕುಳಿತು ಭಕ್ತರ ಕಷ್ಟಸುಖ ಕೇಳಿದರು. ಗದ್ದುಗೆ ಮಾಡಿಸಿಕೊಡುತ್ತೇವೆಂದು ಬಂದ ಸಿರಿವಂತರಿಗೆ "ಕಂಬಳಿ ಇನ್ನೂ ಗಟ್ಟಿ ಐತಿ" ಎಂದು ಹೇಳಿ ಕಳಿಸುತ್ತಿದ್ದರು. ಕಂಬಳಿ ಎಷ್ಟು ಗಟ್ಟಿ ಇತ್ತೆಂಬುದನ್ನು ಅದರ ತೂತುಗಳೇ ಹೇಳುತ್ತಿದ್ದವು. ಮಾತು ಅವರದು ಬಹಳ ಕಡಿಮೆ. ಮಠದ ಅಡುಗೆ ನೋಡಿಕೊಳ್ಳುತ್ತಿದ್ದ ಫಕೀರಯ್ಯನವರೇ ಅವರ ಪಾಲಿನ ಮಾತನ್ನೂ ಆಡಿಬಿಡುತ್ತಿದ್ದರು.

ಈ ಪ್ರಸಂಗ ನಡೆದಾಗ ಅಜ್ಜನವರಿಗೆ ಎಪ್ಪತ್ತು ದಾಟಿತ್ತು. ಮೊಣಕಾಲು ಬಾತು, ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯಬೇಕಾಗಿತ್ತು. ಒಂದು ಸೋಮವಾರ ಬೆಳಿಗ್ಗೆ, ದರ್ಶನಕ್ಕೆ ಬಂದವರ ಸಾಲಿನ ಕೊನೆಯಲ್ಲಿ, ಅರ್ಧ ಹರದಾರಿ ದೂರದ ಹೊಸಕೇರಿಯಿಂದ ಬಂದ ಕಾಶವ್ವ ಕುಳಿತಿದ್ದಳು. ಮಡಿಲಲ್ಲಿ ಐದು ದಾಳಿಂಬೆ ಹಣ್ಣು ಇದ್ದವು.

ಅವಳ ಗಂಡ ಅಡಿವೆಪ್ಪ ಗಾಣ ಆಡಿಸುತ್ತಿದ್ದ ಗಟ್ಟಿ ಆಳು. ಒಂಬತ್ತು ವರ್ಷದ ಹಿಂದೆ ಒಂದು ದಿನ ಗಾಣದ ಹತ್ತಿರವೇ ಲಕ್ವಾ ಹೊಡೆದು ಬಿದ್ದವನು ಮತ್ತೆ ಏಳಲಿಲ್ಲ. ಬಲಗೈ ಬಲಗಾಲು ಸತ್ತವು. ನಾಲಿಗೆ ದಪ್ಪವಾಗಿ ಅವನ ಮಾತು ಕಾಶವ್ವನೊಬ್ಬಳಿಗೆ ಮಾತ್ರ ತಿಳಿಯುವಂತಾಯಿತು. ಅಗಿಯುವುದಂತೂ ಆಗುತ್ತಲೇ ಇರಲಿಲ್ಲ. ವೈದ್ಯರು ಗಂಜಿ ಮತ್ತು ದಾಳಿಂಬೆಯ ರಸ ಹೇಳಿ ಹೋದರು. ಹಿತ್ತಲಲ್ಲಿ ಮೂರು ದಾಳಿಂಬೆ ಗಿಡ ಇದ್ದವು. ಅಂದಿನಿಂದ ಕಾಶವ್ವನ ದಿನ ಆ ಗಿಡಗಳಿಗೆ ಬಾವಿಯ ನೀರು ಹೊರುವುದರಿಂದ ಶುರುವಾಗುತ್ತಿತ್ತು.

ದಾಳಿಂಬೆ ಸಿಹಿ ಹಣ್ಣೇನೋ ಹೌದು. ಆದರೆ ಅಷ್ಟು ಸಲೀಸಾಗಿ ಬಾಯಿಗೆ ಬರುವ ಹಣ್ಣಲ್ಲ. ಬಾಳೆಹಣ್ಣಿನ ಹಾಗೆ ಸುಲಿದು ಕೊಟ್ಟರೆ ಮುಗಿಯಲಿಲ್ಲ. ಸಿಪ್ಪೆ ಸೀಳಬೇಕು, ಕಾಳು ಒಡೆಯದಂತೆ ಬಿಡಿಸಬೇಕು, ನಡುವಿನ ಬಿಳಿ ಪೊರೆಯ ಚೂರೂ ಉಳಿಯದಂತೆ ಆರಿಸಬೇಕು, ಉಳಿದರೆ ರಸ ಕಹಿ. ಆಮೇಲೆ ತೆಳು ಬಟ್ಟೆಯಲ್ಲಿ ಹಾಕಿ ಹಿಂಡಬೇಕು. ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಅದನ್ನು ಗುಟುಕು ಗುಟುಕಾಗಿ ಗಂಡನ ಬಾಯಿಗೆ ಬಿಡಬೇಕು, ನೆತ್ತಿಗೆ ಹತ್ತದಂತೆ ಎದೆ ಸವರಬೇಕು. ದಿನಕ್ಕೆ ಮೂರು ಹೊತ್ತು ಹೀಗೆ. ನಡುನಡುವೆ ಮೈ ಒರೆಸುವುದು, ಮಗ್ಗಲು ಬದಲಿಸುವುದು, ಬಟ್ಟೆ ಒಗೆಯುವುದು. ರಾತ್ರಿ ಅವನು ಕೆಮ್ಮಿದರೆ ಎದ್ದು ಕೂರಿಸಬೇಕು. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಅವಳು ಒಂದು ಪೂರ್ತಿ ನಿದ್ದೆ ಮಾಡಿರಲಿಲ್ಲ.

ಓಣಿಯವರು ಅವಳನ್ನು ಹೊಗಳುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. "ಕಾಶವ್ವನಂಥಾ ಹೆಂಡ್ತಿ ಪಡಿಯಾಕ ಪುಣ್ಯ ಮಾಡಿರಬೇಕು ನೋಡವ್ವ" ಎಂದು ಬಾವಿಯ ಕಟ್ಟೆಯಲ್ಲಿ ಹೇಳುತ್ತಿದ್ದರು. ಹೇಳಿ ಕೊಡ ಎತ್ತಿಕೊಂಡು ಮನೆಗೆ ಹೋಗುತ್ತಿದ್ದರು. ದೂರದ ಬೆಟ್ಟ ನುಣ್ಣಗೆ. ಒಂದು ಹೊತ್ತು ಅವನ ಬಳಿ ಕೂತು ಅವಳಿಗೆ ಕಾಲು ಚಾಚಲು ಬಿಟ್ಟವರು ಒಬ್ಬರೂ ಇರಲಿಲ್ಲ.

ಹರಕೆ ಹೊತ್ತು, ಉಪವಾಸ ಮಾಡಿ ಅವಳಿಗೆ ಸಾಕಾಗಿತ್ತು. ಹಾಲಯ್ಯಜ್ಜನವರ ಮೇಲೂ ಹೇಳಿಕೊಳ್ಳುವಂಥ ನಂಬಿಕೆ ಇರಲಿಲ್ಲ. ಆದರೂ ಬೆಳಿಗ್ಗೆ ಗಂಡನಿಗೆ ರಸ ಕುಡಿಸಿ, ಹೊರಗಿನಿಂದ ಚಿಲಕ ಹಾಕಿಕೊಂಡು ಬಂದಿದ್ದಳು. ಮಧ್ಯಾಹ್ನದ ರಸದ ಹೊತ್ತಿಗೆ ತಿರುಗಿ ಹೋಗಬೇಕಾಗಿತ್ತು. ಅವಳು ಹೇಳಬೇಕೆಂದುಕೊಂಡ ಮಾತನ್ನು ತಾಯಿಗೂ ಹೇಳುವಂತಿರಲಿಲ್ಲ, ತಂಗಿಗೂ ಹೇಳುವಂತಿರಲಿಲ್ಲ. ಗುರುತಿಲ್ಲದ ಒಬ್ಬ ಮುದುಕ ಸಾಧುವಿಗಾದರೆ ಹೇಳಬಹುದೇನೋ ಅನಿಸಿತ್ತು.

ಸರದಿ ಬಂದಾಗ ಪಡಸಾಲೆಯಲ್ಲಿ ಫಕೀರಯ್ಯನವರನ್ನು ಬಿಟ್ಟು ಬೇರೆ ಯಾರೂ ಉಳಿದಿರಲಿಲ್ಲ. ಹಣ್ಣುಗಳನ್ನು ಅಜ್ಜನವರ ಮುಂದಿಟ್ಟು ತಲೆ ಬಾಗಿದಳು.

"ಏನವ್ವ?" ಎಂದರು ಅಜ್ಜನವರು.

ಅವಳು ನೆಲ ನೋಡುತ್ತಲೇ ಹೇಳಿದಳು, "ಹೊಸಕೇರಿ ಗಾಣದ ಮನಿಯಾಕಿರಿ ನಾ, ನಮ್ಮನಿಯವರು ಹಾಸಿಗಿ ಹಿಡದು ಒಂಬತ್ತು ವರ್ಷ ಆತು. ಅವರನ್ನ ಇನ್ನ ಶಿವ ಕರಕೊಳ್ಳಲಿ ಅಂತ ಆಶೀರ್ವಾದ ಮಾಡ್ರಿ ಅಜ್ಜಾರ. ನನ್ನ ಕೈಲೆ ಆಗವಲ್ದು."

ಫಕೀರಯ್ಯನವರು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು. "ಶಿವ ಶಿವ, ಮುತ್ತೈದಿ ಬಾಯಾಗ ಬರೂ ಮಾತೇನವಾ ಇದು? ಗಂಡನ ಸಾವು ಬೇಡಾಕ ಮಠಕ್ಕ ಬರ್ತಾರೇನು?" ಎಂದರು.

ಅಜ್ಜನವರು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಒಂದು ಹಣ್ಣನ್ನು ಕೈಗೆತ್ತಿಕೊಂಡು ಸಿಪ್ಪೆ ಬಿಡಿಸತೊಡಗಿದರು. ಅವರ ಬೆರಳು ನಡುಗುತ್ತಿದ್ದವು. ಕಾಳು ಒಡೆದು ರಸ ಮೊಣಕೈವರೆಗೆ ಇಳಿಯಿತು, ಅರ್ಧ ಹಣ್ಣು ಅಂಗೈಯಲ್ಲೇ ಮುದ್ದೆಯಾಯಿತು. ಕಾಶವ್ವ ಸ್ವಲ್ಪ ಹೊತ್ತು ನೋಡಿದಳು. ಕೊನೆಗೆ ತಡೆಯಲಾರದೆ, "ಹಂಗಲ್ರಿ ಅಜ್ಜಾರ, ಇಲ್ಲೆ ಕೊಡ್ರಿ" ಎಂದು ಹಣ್ಣು ಇಸಿದುಕೊಂಡಳು. ಉಳಿದ ಅರ್ಧವನ್ನು ನಾಲ್ಕು ಸೀಳು ಮಾಡಿ, ಒಂದು ಕಾಳೂ ಒಡೆಯದಂತೆ ಬಿಡಿಸಿ, ಪೊರೆ ಆರಿಸಿ, ಬೊಗಸೆ ತುಂಬ ಹಿಡಿದು ಅವರ ಮುಂದೆ ಚಾಚಿದಳು.

"ನೀ ತಿನ್ನು" ಎಂದರು ಅಜ್ಜನವರು.

ಅವಳು ಒಂದು ಕಾಳನ್ನು ಕಣ್ಣಿಗೊತ್ತಿಕೊಂಡು, ಉಳಿದದ್ದನ್ನು ಸೆರಗಿನ ತುದಿಗೆ ಸುರಿದು ಗಂಟು ಹಾಕತೊಡಗಿದಳು. ಮನೆಯಲ್ಲಿ ಬೇನೆ ಬಿದ್ದವರಿದ್ದರೆ ಪ್ರಸಾದವನ್ನು ಅವರಿಗೇ ಒಯ್ಯುವುದು ಎಲ್ಲರೂ ಮಾಡುವ ಕೆಲಸ.

"ಗಂಟ ಬಿಚ್ಚವ್ವ. ಅದು ನಿಂದು."

"ಅವರಿಗೆ ಮಧ್ಯಾಹ್ನದ ರಸಕ್ಕ ಆಗತೈತ್ರಿ."

"ಅವಗ ಬ್ಯಾರೆ ಅದಾವು. ಇಲ್ಲೇ ಕುಂತು, ನಿಧಾನಕ್ಕ ತಿನ್ನು."

ಕಾಶವ್ವ ತಿಂದಳು. ತಿನ್ನುತ್ತಿದ್ದಂತೆ ಅವಳಿಗೊಂದು ವಿಚಿತ್ರ ಹೊಳೆಯಿತು. ಒಂಬತ್ತು ವರ್ಷ ದಿನಕ್ಕೆ ಮೂರು ಹೊತ್ತು ಬಿಡಿಸಿದ ಹಣ್ಣು, ತನ್ನ ಹಿತ್ತಲಿನ ಹಣ್ಣು, ಅದರ ರುಚಿ ಅವಳಿಗೆ ಗೊತ್ತಿರಲಿಲ್ಲ. ಬೆರಳಿಗೆ ಹತ್ತಿದ ಸಿಪ್ಪೆಯ ಒಗರಷ್ಟೇ ಗೊತ್ತಿತ್ತು. ಹಣ್ಣು ಬಹಳ ಸಿಹಿಯಾಗಿತ್ತು. ಅವಳಿಗೆ ಅಳು ಬಂತು. ಅಳುತ್ತ ತಿಂದಳು, ತಿನ್ನುತ್ತ ಅತ್ತಳು, ಅಳುವುದಕ್ಕೂ ಶಕ್ತಿ ಸಾಲದೆ ಹಿಂದಿನ ಕಂಬಕ್ಕೆ ಒರಗಿದಳು. ಆಮೇಲೆ ಏನಾಯಿತೋ ಅವಳಿಗೆ ತಿಳಿಯದು.

ಎಚ್ಚರವಾದಾಗ ಬಿಸಿಲು ಪಡಸಾಲೆಯ ಆಚೆ ಹೊರಳಿತ್ತು. ಅವಳ ಮೇಲೆ ಯಾರೋ ಒಂದು ಕಾವಿ ವಸ್ತ್ರ ಹೊದಿಸಿದ್ದರು. ಮಧ್ಯಾಹ್ನದ ರಸದ ಹೊತ್ತು ಯಾವಾಗಲೋ ದಾಟಿಹೋಗಿತ್ತು. ಅಜ್ಜನವರ ಜಾಗ ಖಾಲಿ, ಅವಳು ತಂದಿದ್ದ ಉಳಿದ ನಾಲ್ಕು ಹಣ್ಣೂ ಇಲ್ಲ.

ಅಡುಗೆಯ ಚಪ್ಪರದಿಂದ ಫಕೀರಯ್ಯನವರು ಬಂದರು. ಅವರ ದನಿ ಬೆಳಗಿನಂತಿರಲಿಲ್ಲ. "ಅಜ್ಜಾರು ನಿಮ್ಮನಿಗೆ ಹೋಗ್ಯಾರ ತಂಗಿ. ಆಕಿನ್ನ ಎಬ್ಬಸಬ್ಯಾಡ, ಯಾರು ಬಂದ್ರೂ ಹೊರಗ ಕುಂದರಸು ಅಂದ್ರು. ಗಾಡಿ ತರಸ್ತೀನಿ ಅಂದ್ನಿ, ಅದು ಬರೂತನಾ ಅಂವ ಹಸಿದಿರತಾನ ಅಂತ ನಡಕೋತನ ಹೋದ್ರು."

ಕಾಶವ್ವ ಓಡಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಭಯ. ಅಜ್ಜನವರು ಅಡಿವೆಪ್ಪನಿಗೆ ಹೇಳಿಬಿಟ್ಟಿದ್ದರೆ? ನಿನ್ನ ಹೆಂಡತಿ ಹೀಗೆ ಬೇಡಿದಳು ಎಂದುಬಿಟ್ಟಿದ್ದರೆ? ಮಾತೂ ಬಾರದೆ, ಕೈಯೂ ಏಳದೆ ಮಲಗಿದ ಮನುಷ್ಯ ಅದನ್ನು ಕೇಳಿ ಏನು ಮಾಡಿಯಾನು? ಇನ್ನು ಅವನ ಮುಖ ನೋಡುವುದು ಹೇಗೆ? ಹೊಸಕೇರಿ ಇಷ್ಟು ದೂರ ಇದೆಯೆಂದು ಅವಳಿಗೆ ಎಂದೂ ಅನಿಸಿರಲಿಲ್ಲ.

ಮನೆಯ ಮುಂದೆ ಓಣಿಯ ಹೆಂಗಸರು ಗುಂಪಾಗಿ ನಿಂತಿದ್ದರು. ಬಾವಿಯ ಹತ್ತಿರದ ಹಗ್ಗದ ಮೇಲೆ ಅಡಿವೆಪ್ಪನ ಧೋತರ, ಹಾಸಿಗೆಯ ದುಪ್ಪಟಿ ಒಗೆದು ಹರವಿದ್ದವು. ಅವನ್ನು ಒಗೆದ ಕೈ ಯಾರದೆಂದು ಆ ಹೆಂಗಸರು ಕಣ್ಣಾರೆ ಕಂಡಿದ್ದರು. ತಾವು ಒಗೆಯುತ್ತೇವೆಂದು ಒಬ್ಬಳು ಮುಂದೆ ಬಂದಾಗ ಅಜ್ಜನವರು, "ಇವತ್ತ ನಂದು, ನಾಳೆ ನಿಂದು" ಎಂದಿದ್ದರಂತೆ.

ಒಳಗೆ ಅಜ್ಜನವರು ಹಾಸಿಗೆಯ ಪಕ್ಕದಲ್ಲಿ, ಬಾತ ಕಾಲನ್ನು ಚಾಚಿಕೊಂಡು ಕುಳಿತಿದ್ದರು. ಸುತ್ತ ಸಿಪ್ಪೆಯ ರಾಶಿ. ಎದೆಯ ಮೇಲಿನ ವಸ್ತ್ರದ ತುಂಬ ಕೆಂಪು ರಸ. ಒಳಲೆಯಲ್ಲಿ ತುಸು ಉಳಿದದ್ದನ್ನು ಅಡಿವೆಪ್ಪನ ಬಾಯಿಗೆ ಬಿಟ್ಟು ಅವನ ತುಟಿ ಒರೆಸಿದರು. ಅವಳನ್ನು ಕಂಡು ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ನಾಕು ಹಣ್ಣಿಗೇ ನನಗ ಬ್ಯಾಸರ ಬಂತವ್ವ" ಎಂದರು.

ಆ ಮಾತು ಕೇಳಿ ಕಾಶವ್ವ ಅವರ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಇದು ಬೇಸರದ ಕೆಲಸ ಎಂದು ಯಾರೂ ಅವಳ ಮುಂದೆ ಒಪ್ಪಿಕೊಂಡಿರಲಿಲ್ಲ. ಪುಣ್ಯದ ಕೆಲಸ ಎಂದೇ ಎಲ್ಲರೂ ಹೇಳಿದ್ದರು.

ಅಜ್ಜನವರು ಬಾಗಿಲ ಹತ್ತಿರ ಬಂದು ದನಿ ತಗ್ಗಿಸಿದರು. "ಅಲ್ಲಿ ನೀ ಹೇಳಿದ್ದನ್ನ ನಾ ಇಲ್ಲಿ ಹೇಳಿಲ್ಲ. ನೀನ ಹೇಳು."

"ಹೆಂಗ ಹೇಳ್ಲಿರಿ ಅಜ್ಜಾರ?"

"ಬಾಜೂಕ ಕುಂತು ಹೇಳು" ಎಂದವರೇ ಹೊರಟುಹೋದರು.

ದೀಪ ಹಚ್ಚುವ ಹೊತ್ತಾಯಿತು. ಕಾಶವ್ವ ದೀಪ ಹಚ್ಚಿದಳು, ಸಿಪ್ಪೆ ಬಳಿದಳು, ಒಳಲೆ ತೊಳೆದಿಟ್ಟಳು. ಮಾಡುವುದಕ್ಕೆ ಇನ್ನೇನೂ ಉಳಿಯದಾಗ ಹಾಸಿಗೆಯ ಪಕ್ಕ ಕುಳಿತಳು. ಅಡಿವೆಪ್ಪ ಅವಳನ್ನೇ ನೋಡುತ್ತಿದ್ದ.

"ಮಠಕ್ಕ ಯಾಕ ಹೋಗಿದ್ನಿ ಗೊತ್ತೇನ್ರಿ" ಎಂದಳು. "ನಿಮ್ಮನ್ನ ಕರಕೊಳ್ಳಲಿ ಅಂತ ಬೇಡಾಕ ಹೋಗಿದ್ನಿ." ಹೇಳಿ ಮುಖ ಮುಚ್ಚಿಕೊಂಡಳು.

ಅಡಿವೆಪ್ಪನ ಗಂಟಲಲ್ಲಿ ಏನೋ ಸದ್ದಾಯಿತು. ಅವಳು ಹೆದರಿ ಕೈ ತೆಗೆದಳು. ಅವನು ಕಷ್ಟಪಟ್ಟು, ಒಂದೊಂದೇ ಮಾತು ಹೊರಳಿಸುತ್ತ ಹೇಳಿದ, "ನಾನೂ... ಅದನ್ನ ಬೇಡತೀನಿ. ದಿನಾ. ನಿನಗ ಬಿಡುವು ಸಿಗಲಿ ಅಂತ."

"ಮತ್ತ ನನಗ ಒಂದಿನಾರ ಹೇಳಬಾರದಿತ್ತೇನ್ರಿ?"

"ನೀ ಎಲ್ಲಿ ಕುಂತಿ?" ಎಂದ ಅವನು.

ಕಾಶವ್ವನಿಗೆ ಅಳುವೋ ನಗುವೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ಅಂದು ಗಂಡ ಹೆಂಡತಿ ಬಹಳ ಹೊತ್ತು ಮಾತಾಡಿದರು.

ಮರುದಿನದಿಂದ ಓಣಿಯ ಹೆಂಗಸರು ಸರದಿ ಹಚ್ಚಿಕೊಂಡು ಬರತೊಡಗಿದರು. ಇಷ್ಟು ವರ್ಷ ಬಾಯಿಂದಲೇ ಹೊಗಳಿದವರಿಗೆ ತಮಗೆ ಕೈಯೂ ಇದೆಯೆಂಬುದು ನೆನಪಾಯಿತು. ಮೊದಮೊದಲು ಅವರು ಹಿಂಡಿದ ರಸ ಕಹಿಯಾಗುತ್ತಿತ್ತು, ಅಡಿವೆಪ್ಪ ಮುಖ ಕಿವಿಚುತ್ತಿದ್ದ. ಕಾಶವ್ವ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತು ಮಲಗುತ್ತಿದ್ದಳು, ಎದ್ದು ಬಂದು ಗಂಡನ ಬಳಿ ಸುಮ್ಮನೆ ಕೂರುತ್ತಿದ್ದಳು. ಮಠಕ್ಕೆ ಆಗಾಗ ಬರುತ್ತಿದ್ದಳು, ಆದರೆ ಏನನ್ನೂ ಬೇಡುತ್ತಿರಲಿಲ್ಲ. ಅವಳು ಬಂದಾಗ ಫಕೀರಯ್ಯನವರು ಎದ್ದು ನಿಂತು ಕೈ ಮುಗಿಯುತ್ತಿದ್ದರು. ಈ ಸಂಗತಿಯನ್ನು ನಮಗೆ ಹೇಳಿದವರೂ ಅವರೇ, ತಮ್ಮ ಅಂದಿನ ಮಾತನ್ನು ಮುಚ್ಚಿಡದೆ ಹೇಳಿದರು.

ಅಡಿವೆಪ್ಪ ಮತ್ತೂ ಮೂರು ವರ್ಷ ಬದುಕಿದ. ಅವನು ಶಿವನ ಪಾದ ಸೇರಿದ ದಿನ ಅಜ್ಜನವರು ಗಾಡಿಯಲ್ಲಿ ಹೊಸಕೇರಿಗೆ ಬಂದರು. ನೆಂಟರಲ್ಲೊಬ್ಬಳು ಕಾಶವ್ವನ ಬೆನ್ನು ಸವರುತ್ತ, "ಹನ್ನೆರಡು ವರ್ಷ ಮಾಡಿದಿ, ಇನ್ನ ಬಿಡುಗಡೆ ಆತು ಅನ್ಕೋ ಯವ್ವಾ" ಎನ್ನುತ್ತಿದ್ದಳು. ಕಾಶವ್ವ ಅಜ್ಜನವರ ಕಾಲು ಹಿಡಿದಳು.

"ಇನ್ನೊಂದೀಟು ದಿನ ಇರಬೇಕಿತ್ರಿ ಅಜ್ಜಾರ" ಎಂದಳು.

ಅಜ್ಜನವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡರು.