ಹೆಪ್ಪು ತೊಳೆದ ಏಡಿ

ಕಾಡಿನ ಹಳ್ಳದ ಪಕ್ಕದಲ್ಲಿ ಒಂದು ಬಂಡೆ. ಬಂಡೆಯಲ್ಲಿ ಎಮ್ಮೆ ಮಲಗುವಷ್ಟು ಅಗಲದ ಒಂದು ಗುಂಡಿ. ಅಲ್ಲಿ ಒಂದು ಏಡಿ ವಾಸವಾಗಿತ್ತು. ಏನು ಮಾಡಿದರೂ ನಾಲ್ಕು ಜನ ನೋಡಿ ಭೇಷ್ ಅನ್ನಬೇಕು, ಅದೇ ಅದರ ಹುಚ್ಚು.

ಒಂದು ದಿನ ತಾಯಿಮೀನು ಹಳ್ಳದಿಂದ ತಲೆ ಎತ್ತಿತು.

"ಏಡಿಮಾಮ, ಮಿಂಚುಳ್ಳಿಯ ಕಾಟ ತಡೆಯೋಕಾಗ್ತಿಲ್ಲ. ದಿನಾ ಒಂದೊಂದು ಮರಿ ಮಾಯವಾಗ್ತಿದೆ. ನಿನ್ನ ಗುಂಡಿಯಲ್ಲಿ ನೀರು ತುಂಬಿಸಿ ಗಿಡ ಬೆಳೆಸಿದರೆ, ನನ್ನ ಮರಿಗಳು ಅಲ್ಲಿ ಅಡಗಿಕೊಂಡು ಬದುಕ್ಕೊಳ್ತವೆ."

"ಅದಕ್ಕೇನಂತೆ ಅಕ್ಕ! ನೀರೊಳಗೆ ತೋಟವನ್ನೇ ಮಾಡಿಬಿಡ್ತೀನಿ. ಹುಣ್ಣಿಮೆಗೆ ಗೃಹಪ್ರವೇಶ!"

ಕೆಲಸ ಶುರುವಾಗುವ ಮೊದಲೇ ಏಡಿ ಕಪ್ಪೆಯಿಂದ ಊರಿಗೆಲ್ಲ ಡಂಗುರ ಸಾರಿಸಿತು. ಆಮೇಲೆ ಮರಳು ಹೊತ್ತಿತು, ಕಲ್ಲು ಜೋಡಿಸಿತು, ಇಕ್ಕಳದಂಥ ಕಾಲಿನಲ್ಲಿ ಜೊಂಡುಹುಲ್ಲು ಹಿಡಿದು ತಂದಿತು. ಬಂಡೆಯ ಸಂದಿನಿಂದ ಹಳ್ಳದ ನೀರನ್ನು ಒಳಗೆ ಬಿಟ್ಟುಕೊಂಡಿತು. ಕೆಸರು ಬರದಿರಲೆಂದು ಆ ಸಂದಿಗೆ ಒಂದು ಕಲ್ಲು ಅಡ್ಡ ಇಟ್ಟಿತು.

ಆಮೆಯಜ್ಜಿ ತನ್ನ ಹಳೆಯ ಮಡುವಿನಿಂದ ಲೋಳೆ ಲೋಳೆಯಾದ ಕೆಸರಿನ ಮುದ್ದೆಯೊಂದನ್ನು ಬೆನ್ನ ಮೇಲೆ ಹೊತ್ತು ತಂದಿತು.

"ಇದನ್ನು ಮರಳಿನ ಕೆಳಗೆ ಹಾಕಪ್ಪ. ಹೊಸ ನೀರಿಗೆ ಇದೇ ಹೆಪ್ಪು. ಗಿಡ ಬೇರು ಬಿಡಲಿ, ನೀರು ಹದಕ್ಕೆ ಬರಲಿ. ಆಮೇಲೆ ಮರಿಗಳನ್ನು ಕರಿ."

ಮನೆಯಲ್ಲಿ ಅಮ್ಮ ಹಾಲಿಗೆ ಹೆಪ್ಪು ಹಾಕುತ್ತಾರಲ್ಲ ಮಕ್ಕಳೇ, ಹಾಗೇ ಇದು; ಹಳೆಯ ಕೆಸರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಹೊಸ ನೀರನ್ನು ಮೀನು ಬದುಕುವ ಹಾಗೆ ಮಾಡುತ್ತವೆ.

"ಎಷ್ಟು ದಿನ ಬೇಕಜ್ಜಿ?"

"ಅದು ಆದಾಗ ಆಯ್ತು. ಅವಸರ ಮಾಡಬೇಡ."

ಅಜ್ಜಿ ಅತ್ತ ಹೋದದ್ದೇ ತಡ, ಏಡಿ ಮೂಗು ಮುರಿಯಿತು. "ಥೂ, ನೆಂಟರು ಬರೋ ಮನೆಗೆ ಕೊಳೆಯೇ!" ಕೆಸರಿನ ಮುದ್ದೆಯನ್ನು ಹಳ್ಳದಲ್ಲಿ ಚೆನ್ನಾಗಿ ತೊಳೆಯಿತು. ಉಳಿದದ್ದು ಒಂದು ಹಿಡಿ ಬೆಣಚುಕಲ್ಲು. ಅದನ್ನೇ ಮರಳಿನಲ್ಲಿ ಹೂತಿತು. ಕಲ್ಲುಗಳ ಪಾಚಿ ಉಜ್ಜಿತು, ಜೊಂಡಿನ ಬೇರನ್ನೂ ಬೆಳ್ಳಗಾಗುವ ಹಾಗೆ ತಿಕ್ಕಿ ನೆಟ್ಟಿತು. ನೀರು ಕನ್ನಡಿಯ ಹಾಗೆ ಹೊಳೆಯಿತು.

ಹುಣ್ಣಿಮೆಯ ಹಿಂದಿನ ದಿನ ತಾಯಿಮೀನು ಮರಿಗಳೊಂದಿಗೆ ಬಂದಿತು.

"ನೀರು ಹದಕ್ಕೆ ಬಂತಾ ಮಾಮ?"

ಏಡಿಗೆ ಒಂದು ಗಳಿಗೆ ಅಜ್ಜಿಯ ಮಾತು ನೆನಪಾಯಿತು. ಆದರೆ ನೆಂಟರು ಬರುವುದು ನಾಳೆಯೇ.

"ಬಂದಾಯ್ತು ಅಕ್ಕ. ಮರಿಗಳನ್ನು ಕಣ್ಣುಮುಚ್ಚಿ ಒಳಗೆ ಬಿಡು."

ತಾಯಿ ನಂಬಿತು. ಮರಿಗಳು ಒಳಗೆ ಹೋದವು. ಏಡಿ ಮತ್ತೆ ಸಂದಿಗೆ ಕಲ್ಲು ಮುಚ್ಚಿತು.

ಮರುದಿನ ಬೆಳಿಗ್ಗೆ ಬಂಡೆಯ ಸುತ್ತ ಜನವೋ ಜನ. ಬೇರು ಹಿಡಿಯದ ಜೊಂಡು ಕೊಳೆತು ತೇಲುತ್ತಿತ್ತು. ಮರಿಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

"ಮರಿಗಳಿಗೆ ಏನಾಗಿದೆ ಏಡಿಯಣ್ಣ?" ಎಂದಿತು ಕಪ್ಪೆ.

"ಅದಾ? ನೆಂಟರನ್ನು ಮಾತಾಡಿಸ್ತಿವೆ!"

ಎಲ್ಲರೂ ನಕ್ಕರು. ಏಡಿಯೂ ನಕ್ಕಿತು. ಅಷ್ಟರಲ್ಲಿ ಎಲ್ಲಕ್ಕಿಂತ ಸಣ್ಣ ಮರಿಯೊಂದು ಮಗ್ಗುಲಾಗಿ, ಬೆಳ್ಳನೆಯ ಹೊಟ್ಟೆ ಮೇಲೆ ಮಾಡಿತು. ನಗು ನಿಂತುಹೋಯಿತು.

"ಮಾಮ, ಕಲ್ಲು ತೆಗಿ!" ಸಂದಿನ ಆಚೆಯಿಂದ ತಾಯಿ ಚೀರಿತು.

ಏಡಿ ಬಿದ್ದು ಎದ್ದು ಓಡಿ ಕಲ್ಲು ಎಳೆಯಿತು. ಹಳ್ಳದ ಕೆಂಪು ಕೆಸರುನೀರು ಒಳಗೆ ನುಗ್ಗಿತು. ಮರಿಗಳು ಒಂದೊಂದಾಗಿ ತಾಯಿಯ ಬಳಿ ಸೇರಿದವು. ಆ ಸಣ್ಣ ಮರಿ ಮಾತ್ರ ಸೇರಲಿಲ್ಲ.

ತಾಯಿಮೀನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಏಡಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀರು ಹದಕ್ಕೆ ಬಂದಿರಲಿಲ್ಲ. ಅಜ್ಜಿ ಕೊಟ್ಟ ಹೆಪ್ಪನ್ನು ನಾನೇ ತೊಳೆದುಬಿಟ್ಟೆ. ಸುಳ್ಳು ಹೇಳಿದೆ," ಎಂದಿತು ಏಡಿ, ಎಲ್ಲರ ಎದುರು. ಎಲ್ಲರೂ ಎದ್ದು ಹೋದರು. ನಾಚಿಕೆಯಿಂದ ಏಡಿಗೆ ಯಾರ ಮುಖ ನೋಡಲೂ ಆಗಲಿಲ್ಲ.

ಕೆಲವು ದಿನ ಕಲ್ಲಿನಡಿ ಮುದುಡಿಕೊಂಡಿತ್ತು. ಆಮೇಲೆ ತಲೆ ತಗ್ಗಿಸಿಕೊಂಡೇ ಅಜ್ಜಿಯ ಮಡುವಿಗೆ ಹೋಗಿ ಕೆಸರು ಕೇಳಿ ತಂದಿತು. ಈ ಸಲ ತೊಳೆಯಲಿಲ್ಲ. ಯಾರನ್ನೂ ಕರೆಯಲೂ ಇಲ್ಲ. ನೀರು ಮಂಕಾಗಿತ್ತು, ನೋಡಲು ಚೆಂದವಿರಲಿಲ್ಲ. ಆದರೆ ಜೊಂಡು ಮೆಲ್ಲಗೆ ಚಿಗುರುತ್ತಿತ್ತು.

ಹಳ್ಳದಲ್ಲಿ ಮಿಂಚುಳ್ಳಿಯ ಕಾಟ ನಿಂತಿರಲಿಲ್ಲ. ಒಂದು ದಿನ ತಾಯಿಮೀನು ಸಂದಿನಿಂದ ದೂರವೇ ನಿಂತು ಕೇಳಿತು:

"ನೀರು ಹದಕ್ಕೆ ಬಂತಾ?"

‘ಬಂತು’ ಎಂಬ ಮಾತು ಏಡಿಯ ನಾಲಿಗೆ ತುದಿಗೆ ಬಂದಿತ್ತು. ಆದರೆ ಏಡಿ ಅದನ್ನು ನುಂಗಿಕೊಂಡಿತು.

"ಇಲ್ಲ ಅಕ್ಕ. ಇನ್ನೂ ಬಂದಿಲ್ಲ."

ತಾಯಿಮೀನು ಸ್ವಲ್ಪ ಹತ್ತಿರ ಬಂದಿತು. "ಸರಿ ಹಾಗಾದರೆ. ನಾಳೆ ಮತ್ತೆ ಕೇಳ್ತೀನಿ," ಎಂದಿತು.

ನೀತಿ: ಹೊಗಳಿಕೆಯ ಆಸೆಗೆ, ಆಗದ ಕೆಲಸವನ್ನು ಆಯಿತು ಎನ್ನಬಾರದು, ಆ ಸುಳ್ಳಿನ ಪೆಟ್ಟು ಬೀಳುವುದು ನಮ್ಮನ್ನು ನಂಬಿ ಬಂದವರಿಗೆ.