ಕಂಡಕ್ಟರನ ವಾಚು

ನ್ಯಾಷನಲ್ ಪಾರ್ಕಿನ ಕಾಡಿನೊಳಗೆ ಸಂಜೆಯ ಬಸ್ಸು ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಕೇತಮ್ಮ, ಹಾವು ಕಚ್ಚಿದ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆಸ್ಪತ್ರೆ ಇದ್ದದ್ದು ಕಾಡಿನಾಚೆ.

ಆನೆ ಹಿಂಡು ಕಂಡದ್ದೇ ತಡ, ಮುಂದಿನ ಸೀಟಿನ ಸಾಹೇಬರು ಎದ್ದು ಗುಡುಗಿದರು. "ನಿಲ್ಲಿಸಯ್ಯ ಬಸ್ಸು! ಇಳಿದು ಫೋಟೋ ತೆಗೀಬೇಕು. ಇಲ್ದಿದ್ರೆ ನಿನ್ನ ಕೆಲಸ ತೆಗೆಸ್ತೀನಿ!"

ಕಂಡಕ್ಟರ್ ಕೈಮುಗಿದ. "ಇಳೀರಿ ಬುದ್ಧಿ. ಆದ್ರೆ ವಾಚು ಬಿಚ್ಚಿಕೊಟ್ಟು ಇಳೀರಿ. ಮನೆಯವರಿಗೆ ಕೊಡೋಕೆ ಏನಾದ್ರೂ ಉಳೀಬೇಕಲ್ಲ?"

ಆಮೇಲೆ ತನ್ನ ಮುಂಗೈಯ ವಾಚು ತೋರಿಸಿದ. "ಇದು ಹೋದ ಸಲ ಇಳಿದವರದು. ಇನ್ನೂ ಯಾರೂ ಕೇಳ್ಕೊಂಡು ಬಂದಿಲ್ಲ."

ಸಾಹೇಬರು ಕಿಟಕಿ ಗಾಜು ಎಳೆದು ಮುಚ್ಚಿ ಕೂತರು. ಬಸ್ಸು ನಿಲ್ಲಲಿಲ್ಲ.

ಆಸ್ಪತ್ರೆಯ ಮುಂದೆ ಗಂಡನನ್ನು ಇಳಿಸಲು ಬಂದ ಕಂಡಕ್ಟರನ ಕೈ ಕಂಡು ಕೇತಮ್ಮ ಹಿಂಜರಿದಳು. "ಅಯ್ಯೋ, ಸತ್ತವರ ವಾಚು..."

"ಮದುವೇಲಿ ನಮ್ಮ ಮಾವ ಕೊಟ್ಟಿದ್ದು ಕಣವ್ವ. ಕಾಲು ಹಿಡ್ಕೊ ಬೇಗ, ಇನ್ನೂ ಉಸಿರಾಡ್ತಾವ್ನೆ."