ಎದುರಿಗೆ ಕೂತವಳು

"ಮಾಸ್ತರೇ, ಕಾನ್ಸರ್ಟಿನಾ ವಾದ್ಯದ ಗುಂಡಿಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಜೋಡಿಸುತ್ತಾರೆ. ಬೆರಳಿಡುವ ಕ್ರಮವೂ ಬೇರೆ ಬೇರೆ. ಶಿಷ್ಯರನ್ನು ಸೇರಿಸಿಕೊಳ್ಳುವ ಮೊದಲು ನಾನು ತಿಳಿಯಬೇಕು. ಯಾವುದು ಸರಿ?" ಎಂದು ಸಿಪ್ರಿಯನ್ ಕೇಳಿದ.

ಪಾಸ್ಕಲ್ ಮಾಸ್ತರು ಹೇಳಿದರು:

ಒಬ್ಬ ಕಾನ್ಸರ್ಟಿನಾ ವಾದಕನಿದ್ದ. ಎರಡು ಕೈಗಳ ನಡುವೆ ತಿದಿಯನ್ನು ಎಳೆದು ಒತ್ತಿ ಅವನು ಗುಂಡಿಗಳ ಮೇಲೆ ಬೆರಳಾಡಿಸಿದರೆ ಕೇಳುವವರು ಊಟ ಮರೆಯುತ್ತಿದ್ದರು. ಬಲಗೈಗೆ ಏರುಸ್ವರ, ಎಡಗೈಗೆ ತಗ್ಗುಸ್ವರ, ಕಿರುಬೆರಳು ಇಂಥ ಗುಂಡಿಗೇ ಎಂಬುದು ಅವನ ಕ್ರಮ. ಅದರಲ್ಲಿ ಎಳ್ಳಷ್ಟೂ ವ್ಯತ್ಯಾಸ ಕೂಡದು. ವಯಸ್ಸಾಗಿ ಬೆರಳುಗಳು ಸೆಟೆಯತೊಡಗಿದಾಗ ವಿದ್ಯೆಯನ್ನು ಯಾರಿಗಾದರೂ ಒಪ್ಪಿಸಬೇಕೆಂದು ಹುಡುಕಿದ. ಬಂದವರ ಕೈ ನೋಡಿ, ಬೆರಳು ಸರಿಯಿಲ್ಲವೆಂದು ಹಿಂದಕ್ಕೆ ಕಳುಹಿಸಿದ. ಕೊನೆಗೆ ಯಾರೂ ಬರಲಿಲ್ಲ. ತನ್ನೊಂದಿಗೇ ಇದು ಮಣ್ಣಾಗುತ್ತದೆ ಎಂದು ಕೊರಗಿದ.

ಒಂದು ದಿನ ಪೇಟೆಗೆ ಹೊರಟವನು ಕೊಡೆ ಮರೆತು ಹಿಂದಿರುಗಿದ. ಮನೆಯೊಳಗೆ ಅವನದೇ ರಾಗ ನುಡಿಯುತ್ತಿತ್ತು. ಅವನೇ ಕಟ್ಟಿದ, ಯಾರಿಗೂ ಕಲಿಸದ ರಾಗ. ಬಾಗಿಲು ತಳ್ಳಿದ. ಹೆಂಡತಿ ನೆಲದ ಮೇಲೆ ಕೂತು ವಾದ್ಯವನ್ನು ಹಿಂದುಮುಂದಾಗಿ ಹಿಡಿದಿದ್ದಳು. ಅವನ ಬಲಗೈಯ ಗುಂಡಿಗಳು ಅವಳ ಎಡಗೈಯಲ್ಲಿದ್ದವು. ಒಂದು ಬೆರಳೂ ಅವನ ಕ್ರಮದಂತಿರಲಿಲ್ಲ. ಆದರೆ ಸ್ವರ ಎಲ್ಲೂ ತಪ್ಪುತ್ತಿರಲಿಲ್ಲ.

"ಯಾರು ಕಲಿಸಿದರು?" ಅವನು ಕೇಳಿದ.

"ನೀವೇ. ಮದುವೆಯಾದಂದಿನಿಂದ ಎದುರಿಗೆ ಕೂತು ನೋಡಿದ್ದೇನಲ್ಲ. ಪಕ್ಕಕ್ಕೆ ಬಾ ಎಂದು ನೀವು ಕರೆಯಲಿಲ್ಲ. ಎದುರಿನಿಂದ ನನಗೆ ಕಂಡದ್ದು ಹೀಗೆ."

ವಾದ್ಯ ತಿರುಗಿದ್ದರಿಂದ ಅದರ ಚರ್ಮದ ಕೈಪಟ್ಟಿಗಳು ಅವಳ ಮಣಿಕಟ್ಟನ್ನು ಉಜ್ಜುತ್ತಿದ್ದವು. ಅಲ್ಲಿ ಕಪ್ಪು ಗೆರೆಗಳು ಬಿದ್ದಿದ್ದವು. ಆ ಗೆರೆಗಳನ್ನು ಅವನು ಬಹಳ ಕಾಲದಿಂದ ಕಂಡಿದ್ದ. ಬಾವಿಯ ಹಗ್ಗದವು ಎಂದುಕೊಂಡಿದ್ದ.

ಅವನು ವಾದ್ಯವನ್ನು ತೆಗೆದುಕೊಂಡು, ತಿರುಪು ಬಿಚ್ಚಿ, ಕೈಪಟ್ಟಿಗಳನ್ನು ಅವಳ ಕೈಗೆ ಒಗ್ಗುವಂತೆ ಆಚೆ ಬದಿಗೆ ಹಾಕಿಕೊಟ್ಟ. ಮತ್ತೆಂದೂ ಅವನು ಆ ವಾದ್ಯವನ್ನು ಮುಟ್ಟಲಿಲ್ಲ. ಅವಳು ನುಡಿಸುವಾಗ ಪಕ್ಕದಲ್ಲಿ ಕೂರುತ್ತಿದ್ದ.

ಮಾಸ್ತರು ಕಥೆ ಮುಗಿಸಿದರು.

"ಹಾಗಾದರೆ ತಿರುಗಿಸಿ ಹಿಡಿದರೂ ಸರಿಯೇ, ಮಾಸ್ತರೇ?"

"ಅದಿರಲಿ ಸಿಪ್ರಿಯನ್, ದಿನವೂ ನೀನು ನುಡಿಸುವಾಗ ಎದುರಿಗೆ ಯಾರು ಕೂತಿರುತ್ತಾರೆ?"

ಸಿಪ್ರಿಯನ್ ಎದ್ದು, ಯಾರೆಂದು ನೋಡಲು ಮನೆಯ ಕಡೆಗೆ ಹೊರಟ.